ಮಾರ್ಟಿನರ ಹಬ್ಬದ ದಿನ ಹೆಗಲೇರಿದ ಬಂಡಿ

ಐರ್ಲೆಂಡಿನ ಪಶ್ಚಿಮ ಕಡಲಂಚಿನ ಒಂದು ಹಳ್ಳಿಯಲ್ಲಿ, ಹುಲ್ಲು ಹೊದಿಸಿದ ಒಂಟಿ ಕೋಣೆಯಲ್ಲಿ ಪೂಜ್ಯ ಮಾತೆ ಫಿನೋಲಾರವರು ವಾಸವಾಗಿದ್ದರು. ಅಂದು ನವೆಂಬರ್ ಹನ್ನೊಂದು, ಸಂತ ಮಾರ್ಟಿನರ ಹಬ್ಬ. ಆ ಸಂತರು ಗಿರಣಿಯ ಚಕ್ರಕ್ಕೆ ಸಿಕ್ಕಿ ಸತ್ತರೆಂಬುದು ಊರವರ ನಂಬಿಕೆಯಾದ್ದರಿಂದ ಆ ದಿನ ಅಲ್ಲಿ ಯಾವ ಚಕ್ರವೂ ತಿರುಗಕೂಡದು; ನೂಲುವ ರಾಟೆಯಾಗಲಿ, ಗಿರಣಿಯಾಗಲಿ, ಬಂಡಿಯಾಗಲಿ. ಮಾತೆಯವರು ಬಾಗಿಲಲ್ಲಿ ಕುಳಿತು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದರು.

ಅಷ್ಟರಲ್ಲಿ ಕೋಲಮ್ ಏದುಸಿರು ಬಿಡುತ್ತಾ ಓಡಿಬಂದ. ಈ ಕೋಲಮ್ ಎಂಥವನೆಂದರೆ, ಫೆಬ್ರವರಿಯಲ್ಲಿ ಜನ ಸಂತ ಬ್ರಿಜಿಡರ ಹೆಸರಲ್ಲಿ ಜೊಂಡಿನ ಶಿಲುಬೆ ಹೆಣೆದರೆ ನಗುವವನು, ಜೂನಿನಲ್ಲಿ ಸಂತ ಯೊವಾನ್ನರ ಹಬ್ಬದ ಬೆಂಕಿಯ ಬೂದಿಯನ್ನು ಹೊಲಕ್ಕೆ ಎರಚಿದರೆ ಇನ್ನೂ ಜೋರಾಗಿ ನಗುವವನು. ಇಂದು ನಗು ಎಲ್ಲಿಂದ ಬರಬೇಕು, ಪಾಪ! ಹೆಂಡತಿ ನೋರಾಳಿಗೆ ಎರಡು ದಿನದಿಂದ ಹೆರಿಗೆ ನೋವು. ಇನ್ನು ನನ್ನ ಕೈಲಾಗದು, ಪಟ್ಟಣದ ಆಸ್ಪತ್ರೆಗೆ ಒಯ್ಯಿರಿ ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು. ಊರಿಗೆಲ್ಲ ಇದ್ದದ್ದು ಡೆಕ್ಲನ್ ಮುದುಕನ ಒಂದೇ ಬಂಡಿ.

“ತಾಯೀ, ಬಂಡಿ ಕೊಡಲ್ಲ ಅಂತಾನೆ! ಇವತ್ತು ಚಕ್ರ ತಿರುಗಿದರೆ ಸಾವು ಬರುತ್ತಂತೆ. ನನ್ನ ನೋರಾ ಸತ್ತರೆ ಅದು ಸಾವಲ್ಲವಾ? ನಿಮ್ಮ ಹಬ್ಬಕ್ಕಿಷ್ಟು ಬೆಂಕಿ ಹಾಕ!”

ಮಾತೆಯವರು ಮುನಿಯಲಿಲ್ಲ. ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು ಅವನ ಜೊತೆ ನಡೆದರು.

ಡೆಕ್ಲನ್ ಬಂಡಿಗೆ ಅಡ್ಡ ನಿಂತಿದ್ದ. ಮುದುಕನೇನು ಕಲ್ಲೆದೆಯವನಲ್ಲ, ಆ ಹೆಣ್ಣುಮಗಳಿಗೇ ಕೇಡಾದೀತೆಂದು ಹೆದರಿದ್ದ. ಸುತ್ತ ಸೇರಿದ ಜನಕ್ಕೂ ಅದೇ ಭಯ. ಮಾತೆಯವರು ಮೆಲ್ಲಗೆ ಕೇಳಿದರು:

“ಚಕ್ರ ತಿರುಗಬಾರದು, ಸರಿಯಪ್ಪ. ಹೆಗಲು ಕೊಡಬಾರದು ಅಂತ ಮಾರ್ಟಿನರು ಎಲ್ಲಾದರೂ ಹೇಳಿದಾರಾ?”

ಡೆಕ್ಲನ್ನನೇ ಮೊದಲು ಬಗ್ಗಿ ಚಕ್ರದ ಕೀಲು ಕಿತ್ತ. ಇಷ್ಟು ಹೊತ್ತಿಗೆ ಅರ್ಧ ದಾರಿ ಮುಟ್ಟಬಹುದಿತ್ತಲ್ಲಾ ಎಂದು ಕೋಲಮ್ ಹಲ್ಲು ಕಚ್ಚಿದ. ಚಕ್ರಗಳೆರಡೂ ಕಳಚಿದವು. ಹುಲ್ಲು ಹಾಸಿ ನೋರಾಳನ್ನು ಮಲಗಿಸಿ, ಹತ್ತು ಗಂಡಸರು ಬಂಡಿಯನ್ನು ಹೆಗಲಿಗೇರಿಸಿದರು. ಎಪ್ಪತ್ತು ದಾಟಿದ ಮಾತೆಯವರು ಅವಳ ಕೈ ಹಿಡಿದು ಪಕ್ಕದಲ್ಲೇ ನಡೆದರು. ಮೂರು ಮೈಲಿ ಏರುದಾರಿ, ಒಬ್ಬನಾದರೂ ಇಳಿಸೋಣವೆನ್ನಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ದೇವರ ದಯೆ, ತಾಯಿಯೂ ಉಳಿದಳು. ಕೋಲಮ್ ಮಾತೆಯವರ ಮುಂದೆ ಮಂಡಿಯೂರಲು ಹೋದ. ಅವರು ತಡೆದು, ಆಸ್ಪತ್ರೆಯ ಮೆಟ್ಟಿಲ ಕಡೆ ಕೈ ತೋರಿಸಿದರು.

“ನನಗೆ ಬೇಡಪ್ಪ. ಅಲ್ಲಿ ನೋಡು.”

ಮೆಟ್ಟಿಲ ಮೇಲೆ ಡೆಕ್ಲನ್ ಕುಸಿದು ಕೂತಿದ್ದ. ಅಂಗಿ ಹರಿದು, ಹೆಗಲ ಚರ್ಮ ಸುಲಿದು ರಕ್ತ ಒಸರುತ್ತಿತ್ತು. ಕೋಲಮನನ್ನು ಕಂಡೊಡನೆ ಮುದುಕ ತಡವರಿಸುತ್ತಾ ಕೇಳಿದ:

“ನೋರಾ ಬದುಕಿದಾಳೇನಪ್ಪಾ?”

ಕೋಲಮ್ ಹೌದೆಂದು ತಲೆಯಾಡಿಸಿದ. ವರ್ಷವಿಡೀ ತಾನು ಗೇಲಿ ಮಾಡಿದ್ದ ಆ ಮುದುಕನ ಮುಂದೆ ಮಂಡಿಯೂರಿ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.