ಗಾಳಿಯಿಲ್ಲದೆ ಅಲುಗುವ ಬಳ್ಳಿ

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಪದುಮಾಂಬೆಯ ಮೂರು ಒಗಟು ಬಿಡಿಸಿದವನಿಗೆ ಅವಳೊಂದಿಗೆ ಮದುವೆ, ಅರ್ಧ ರಾಜ್ಯ. ತಪ್ಪಿದರೆ ತಲೆದಂಡ!"

ಒಗಟು ಮಗಳದು, ಕತ್ತಿ ಅಪ್ಪನದು. ಕನ್ನಡಿ ಉಜ್ಜಿ ಬದುಕುವ ಹೊನ್ನೂರ ಸಭೆಗೆ ಬಂದಾಗ ಇಬ್ಬರು ಅರಸುಮಕ್ಕಳು ಅವನ ಮುಂದಿದ್ದರು.

"ಬೆಳಕು ಬಂದರೆ ಕಿರಿದಾಗುವ, ಕತ್ತಲಾದರೆ ಹಿರಿದಾಗುವ ಬಾಗಿಲು ಯಾವುದು?" ಎಂದು ಕೇಳಿದಳು ಪದುಮಾಂಬೆ.

"ನೈದಿಲೆ ಹೂ," ಎಂದ ಮೊದಲನೆಯವನು.

"ದೀಪ ಹಿಡಿದ ಕೂಡಲೆ ನೈದಿಲೆ ಮುಚ್ಚುತ್ತದೆಯೆ?"

ತಲೆದಂಡಕ್ಕೆಂದು ಭಟರು ಅವನನ್ನು ಸೆರೆಗೆ ಎಳೆದೊಯ್ದರು. ಎರಡನೆಯವನು "ಕಣ್ಣಪಾಪೆ" ಎಂದು ಮೊದಲ ಒಗಟು ಗೆದ್ದ.

"ಹುಟ್ಟುವ ಮೊದಲೇ ದುಡಿಮೆಗೆ ಇಳಿದವನು, ನಿದ್ದೆಯಲ್ಲೂ ಕೆಲಸ ಬಿಡದವನು ಯಾರು?"

"ಉಸಿರು."

"ಉಸಿರು ಹುಟ್ಟಿದ ಮೇಲಿನದು."

ಅವನೂ ಸೆರೆಗೆ ಹೋದ. ಹೊನ್ನೂರ ಮುಂದೆ ಬಂದ. "ಮೊದಲನೆಯದು ಕಣ್ಣಪಾಪೆಯೇ, ಎರಡನೆಯದು ಗುಂಡಿಗೆ, ಅಮ್ಮಣ್ಣಿ."

"ಸರಿ. ಆ ಕಣ್ಣಬಾಗಿಲೊಳಗೆ ಎಲೆಯಿಲ್ಲದ ಕೆಂಪು ಬಳ್ಳಿ. ಗಾಳಿ ಸುಳಿಯದೆ ಅಲುಗುತ್ತದೆ. ಅಲುಗಿಸುವವನಾರು? ಹೇಳಿದರೆ ಸಾಲದು, ತೋರಿಸು."

ಹೊನ್ನೂರ ಉಜ್ಜಿ ಉಜ್ಜಿ ನಡುವೆ ತೂತು ಬಿದ್ದ ಕನ್ನಡಿಯೊಂದನ್ನು ಚೀಲದಿಂದ ತೆಗೆದ. ದೀಪದ ಬೆಳಕನ್ನು ಅದರಿಂದ ರಾಜಕುಮಾರಿಯ ಕಣ್ಣೊಳಗೆ ಹಾಯಿಸಿ, ತೂತಿನಲ್ಲಿ ಇಣುಕಿದ.

"ಬಳ್ಳಿಯೆಂದರೆ ರಕ್ತನಾಳ. ಅಲುಗಿಸುವುದು ಅದೇ ಗುಂಡಿಗೆ."

"ಇದನ್ನು ನಂಬುವುದು ಹೇಗಯ್ಯ?" ಎಂದ ಮಂತ್ರಿ.

"ಅವರ ನಾಡಿ ನೀವು ಹಿಡಿಯಿರಿ, ಬುದ್ಧಿ. ನಾನು ಮುಟ್ಟುವುದಿಲ್ಲ, ನೀವು ಬಾಯಿ ಬಿಡಬೇಡಿ. ಬಳ್ಳಿ ಮಿಡಿದಾಗಲೆಲ್ಲ 'ಹೂಂ' ಅನ್ನುತ್ತೇನೆ."

"ಹೂಂ... ಹೂಂ... ಹೂಂ..."

ಪ್ರತಿ ಹೂಂಗೂ ಮಂತ್ರಿಯ ತಲೆ ಆಡಿತು. ರಾಜ ಒಪ್ಪಲಿಲ್ಲ. "ಸಮನಾದ ತಾಳ ಯಾರಾದರೂ ಊಹಿಸಿಯಾರು! ತಳವಾರ, ಕತ್ತಿ ಎತ್ತು!"

ಕತ್ತಿ ಹೊನ್ನೂರನ ಕುತ್ತಿಗೆಯ ಮೇಲೆದ್ದಿತು. ಅವನು ಕನ್ನಡಿಯ ತೂತಿನಿಂದ ಕಣ್ಣು ಮಾತ್ರ ಕೀಳಲಿಲ್ಲ.

"ಹೂಂ, ಹೂಂ, ಹೂಂಹೂಂಹೂಂ..."

"ಪ್ರಭು!" ಮಂತ್ರಿ ಕೂಗಿದ. "ನಾಡಿಯೂ ಹೀಗೇ ಓಡುತ್ತಿದೆ!"

"ಕೊರಳು ನನ್ನದು, ಅಮ್ಮಣ್ಣಿ," ಎಂದ ಹೊನ್ನೂರ ಮೆಲ್ಲಗೆ. "ಓಟ ನಿಮ್ಮದೇಕೆ?"

ಪದುಮಾಂಬೆಯ ಮುಖ ಕೆಂಪಾಯಿತು. "ಕತ್ತಿ ಇಳಿಸಿ. ಮೂರೂ ಸಂದವು."

ಸಭೆ ನಕ್ಕಿತು, ಕೊನೆಗೆ ರಾಜನೂ ನಕ್ಕ. "ಮಾತಿನಂತೆ ಕೊಡುತ್ತೇನೆ. ಇನ್ನೇನು ಬೇಕು?"

"ಸೆರೆಯಲ್ಲಿರುವವರ ತಲೆ."

"ತಲೆಯೆ?"

"ಅವರವರ ಕೊರಳ ಮೇಲೆಯೇ, ಬುದ್ಧಿ."

ಸೆರೆಯ ಬಾಗಿಲು ತೆರೆಯಿತು, ಚಪ್ಪರ ಎದ್ದಿತು. ಧಾರೆಯಾದ ದಿನ ಅರ್ಧ ರಾಜ್ಯ ಹೊನ್ನೂರನಿಗೆ ಬಂತು. ಉಳಿದರ್ಧಕ್ಕೆ ಅವನಿಗೆ ಅವಸರವಿಲ್ಲ. ಮಾವನ ಕಣ್ಣಲ್ಲೂ ಇಣುಕಿ ನೋಡಿದ್ದಾನೆ: ಬಳ್ಳಿ ಗಟ್ಟಿಯಾಗಿಯೇ ಮಿಡಿಯುತ್ತಿದೆ.