ತೋಳ ಯಾಕೆ ತಿರುಗಿ ತಿರುಗಿ ನೋಡುತ್ತಾನೆ

ಮೊದಲು ಆ ಕಲ್ಲು ಕೆಳಗಿಡು ಮಾಳಿ. ತೋಳ ಅಷ್ಟು ದೂರ ದಿಬ್ಬದ ಮೇಲೆ ನಿಂತಿದ್ದಾನೆ, ನಿನ್ನ ಕೈಯಿಂದ ಕಲ್ಲು ಅಲ್ಲಿಗೆ ಮುಟ್ಟೋದೂ ಇಲ್ಲ. ನಿನ್ನೆ ಊರೊಳಗೆ ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸಿದರಲ್ಲ, ಅದನ್ನ ನೋಡಿಕೊಂಡು ಬಂದಾಗಿನಿಂದ ಶುರುವಾಯಿತು ನಿಂದು.

ಅದರಲ್ಲಿ ತೋಳದ ಕಣ್ಣು ಕೆಂಡದ ಹಾಗೆ ಉರಿಯುತ್ತಿತ್ತಂತೆ. ಬಾಯಿಂದ ರಕ್ತ ಸೋರುತ್ತಿತ್ತಂತೆ. ಮದುವೆ ದಿಬ್ಬಣದ ಮೇಲೆ ಬಿದ್ದು ಮದುಮಗಳನ್ನೇ ಎಳೆದುಕೊಂಡು ಹೋಯಿತಂತೆ. ನಾನು ಹುಟ್ಟಿದಾಗಿನಿಂದ ಕುರಿ ಹಿಂದೆ ತಿರುಗಿದವಳು. ಅಂಥ ತೋಳ ನನಗೆ ಒಂದೂ ಸಿಗಲಿಲ್ಲ, ಆ ಸಿನಿಮಾದವರಿಗೇ ಎಲ್ಲಾ ಸಿಕ್ಕವು ನೋಡು.

ಬಾ ಇಲ್ಲಿ, ಕಂಬಳಿ ಮೇಲೆ ಕೂತುಕೋ. ನಮ್ಮಜ್ಜಿ ನನಗೆ ಹೇಳಿದ್ದನ್ನ ನಿನಗೆ ಹೇಳ್ತೀನಿ. ನಡುವೆ ಬಾಯಿ ಹಾಕಿದರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಗೊತ್ತಿರಲಿ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಗುಡ್ಡಗಳು ಎಲ್ಲಿ ಕೂತರೆ ಚೆಂದ ಅಂತ ಜಾಗ ನೋಡುತ್ತಿದ್ದವು. ಹಳ್ಳಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಗಾಳಿ ಮಾತಾಡಿದರೆ ಎಲ್ಲರಿಗೂ ತಿಳಿಯುತ್ತಿತ್ತು. ಹುಲ್ಲು ಮಾತಾಡಿದರೂ ತಿಳಿಯುತ್ತಿತ್ತು, ಸ್ವಲ್ಪ ಬಗ್ಗಿ ಕಿವಿ ಕೊಡಬೇಕಿತ್ತು ಅಷ್ಟೇ.

ಆ ಕಾಲದಲ್ಲಿ ಅಮೋಗಿ ಅಂತ ಒಬ್ಬ ಕುರುಬ ಇದ್ದ. ಮೊಟ್ಟಮೊದಲು ಕುರಿ ಕಾಯ್ದವನು ಅವನೇ. ಅವನಿಗೆ ಒಬ್ಬಳೇ ಮಗಳು, ಹೆಸರು ಕೊಂತಿ. ನಿನ್ನಷ್ಟೇ ಇದ್ದಳು, ನಿನ್ನ ಹಾಗೇ ಹಟಮಾರಿ.

ಅವರ ಹಟ್ಟಿಯಲ್ಲೇ ತೋಳನೂ ಇದ್ದ. ಹೌದು, ಹಟ್ಟಿಯೊಳಗೇ. ನಾಯಿ ಆಗ ತೋಳನ ತಮ್ಮ, ಇನ್ನೂ ಚಿಕ್ಕವನು, ಅಣ್ಣನ ಬಾಲ ಕಚ್ಚಿಕೊಂಡು ಓಡಾಡುತ್ತಿದ್ದ. ಸಂಜೆ ಬೆಂಕಿ ಹಾಕಿದರೆ ಒಂದು ಕಡೆ ಅಮೋಗಿ, ಇನ್ನೊಂದು ಕಡೆ ತೋಳ. ಕೊಂತಿ ತೋಳನ ಹೊಟ್ಟೆಗೆ ತಲೆ ಕೊಟ್ಟು ಮಲಗುತ್ತಿದ್ದಳು. ಅವಳಿಗೆ ನಿದ್ದೆ ಹತ್ತುವ ತನಕ ಅವನು ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ.

ಅವನು ಕುರಿ ತಿನ್ನುತ್ತಿರಲಿಲ್ಲ ಅಂತ ನಾನು ಹೇಳೋದಿಲ್ಲ. ತಿನ್ನುತ್ತಿದ್ದ. ಹೊಟ್ಟೆ ಅವನಿಗೂ ಇತ್ತಲ್ಲ. ಹಿಂಡಿನಲ್ಲಿ ನಡೆಯಲಾರದೆ ಹಿಂದೆ ಬೀಳುವ ಕುರಿ ತೋಳನ ಪಾಲು ಅಂತ ಇಬ್ಬರೂ ಮಾತಾಡಿಕೊಂಡಿದ್ದರು. ಅದಕ್ಕೆ ಬದಲು ಅವನು ಹಿಂಡನ್ನು ಒಂದೇ ಕಡೆ ನಿಲ್ಲಲು ಬಿಡದೆ ನಡೆಸುತ್ತಿದ್ದ. ಕುರಿ ಒಂದೇ ಕಡೆ ನಿಂತರೆ ಹುಲ್ಲಿನ ಬೇರೂ ಉಳಿಯೋದಿಲ್ಲ. ಅವನು ನಡೆದು ಹೋಗುವಾಗ ಹುಲ್ಲು ಅವನ ಕಾಲು ಸವರಿ, ನೀನಿದ್ದೀಯ ಅಂತ ನಾನಿದ್ದೀನಪ್ಪಾ ಅನ್ನುತ್ತಿತ್ತು.

ಈಗ ಕೇಳು. ಅಮೋಗಿಗೆ ಕತೆ ಹೇಳುವ ಹುಚ್ಚು. ಮುಸ್ಸಂಜೆ ಆದರೆ ಸಾಕು, ಎರಡು ಕೋಲು ನೆಟ್ಟು ತನ್ನ ಬಿಳಿ ಧೋತರವನ್ನು ಅಡ್ಡ ಕಟ್ಟುತ್ತಿದ್ದ. ಬಟ್ಟೆಯ ಹಿಂದೆ ಬೆಂಕಿ. ಬೆಂಕಿಗೂ ಬಟ್ಟೆಗೂ ನಡುವೆ ಕೈ ಹಿಡಿದು ನೆರಳಲ್ಲೇ ಮೊಲ ಮಾಡುತ್ತಿದ್ದ, ನವಿಲು ಮಾಡುತ್ತಿದ್ದ. ಹಟ್ಟಿಯ ಮಕ್ಕಳು ಮೊದಮೊದಲು ನಕ್ಕವು, ಆಮೇಲೆ ಆಕಳಿಸಿದವು. ಮೊಲ ತಾನೇ ಎಷ್ಟು ದಿನ ಕುಣಿದೀತು?

ಅಮೋಗಿಗೆ ಮುಖಭಂಗವಾಯಿತು. ತೋಳನ ಪಕ್ಕ ಬಂದು ಕೂತು, ತಮ್ಮಾ, ಒಂದು ಸಂಜೆಗೆ ನಿನ್ನ ನೆರಳು ಕೊಡ್ತೀಯಾ ಅಂತ ಕೇಳಿದ. ಏನು ಮಾಡಬೇಕು ಅಂದ ತೋಳ. ಏನಿಲ್ಲ, ಬೆಂಕಿಗೂ ಬಟ್ಟೆಗೂ ನಡುವೆ ಕೂತು ಆಕಳಿಸಿದರೆ ಸಾಕು ಅಂದ ಅಮೋಗಿ. ಇಷ್ಟೇನಾ ಅಂತ ತೋಳ ಹೋಗಿ ಕೂತ.

ಬೆಂಕಿಗೆ ಹತ್ತಿರ ಕೂತಷ್ಟೂ ನೆರಳು ದೊಡ್ಡದಾಗುತ್ತದೆ, ನೀನೂ ನೋಡಿದ್ದೀಯಲ್ಲ. ಅವನು ಬಾಯಿ ತೆಗೆದ. ಬಟ್ಟೆಯ ಮೇಲೆ ಗುಡ್ಡದಂಥ ತಲೆ ಎದ್ದಿತು, ಕುಡುಗೋಲಿನಷ್ಟು ಉದ್ದ ಒಂದೊಂದು ಹಲ್ಲು. ಮಕ್ಕಳು ಚೀರಿ ಅವ್ವಂದಿರ ಸೆರಗಿನೊಳಗೆ ತೂರಿಕೊಂಡವು. ಚೀರಿದ್ದು ಮುಗಿದ ಮೇಲೆ, ಇನ್ನೊಮ್ಮೆ ತೋರಿಸು ಅಂದವು.

ಆಗ ಅಮೋಗಿ ಒಳ್ಳೆಯವನೇ. ಕತೆ ಮುಗಿದ ಕೂಡಲೇ ಧೋತರದ ಗಂಟು ಬಿಚ್ಚಿ ಬಟ್ಟೆ ಕೆಳಗೆ ಇಳಿಸಿದ. ಹಿಂದೆ ತೋಳ ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಿದ್ದ. ಅಮೋಗಿ ಅವನ ತಲೆ ಮೇಲೆ ಕೈಯಿಟ್ಟು ಹೇಳಿದ.

“ಅದು ನೆರಳು. ಇವನು ನಮ್ಮವನು.”

ಮಕ್ಕಳು ಓಡಿ ಬಂದವು. ಒಬ್ಬ ಅವನ ಕಿವಿ ಜಗ್ಗಿದ, ಇನ್ನೊಬ್ಬಳು ಮೂಗು ಮುಟ್ಟಿದಳು, ಕೊಂತಿಯಂತೂ ಕುತ್ತಿಗೆಗೇ ಜೋತುಬಿದ್ದಳು. ಅವತ್ತಿನಿಂದ ಅದೇ ರೂಢಿಯಾಯಿತು. ಮೊದಲು ಕತೆ, ಆಮೇಲೆ ಬಟ್ಟೆ ಇಳಿಸೋದು, ಆಮೇಲೆ ಎಲ್ಲರೂ ಬಂದು ತೋಳನನ್ನು ಮುಟ್ಟೋದು. ಬಟ್ಟೆ ಇಳಿಸದೆ ಯಾರೂ ಏಳುವ ಹಾಗಿಲ್ಲ. ಬೆಂಕಿಯ ಕಾವಿಗೆ ಬೆನ್ನಿನ ಕೂದಲು ಸೀಯುತ್ತಿದ್ದರೂ ತೋಳ ಅಲುಗದೆ ಕೂತಿರುತ್ತಿದ್ದ. ಆ ಒಂದು ಮಾತಿಗಾಗಿ, ಆ ಕೈಗಳಿಗಾಗಿ.

ಗಾಳಿಗೆ ಮಾತ್ರ ತಾಳ್ಮೆ ಇರಲಿಲ್ಲ. ದಿನಾ ಬಂದು ಹಲ್ಲು ಕಾಣುವ ತನಕ ಕೂತು, ಆಮೇಲೆ ಎದ್ದು ಹಳ್ಳದಾಚೆಯ ಹಟ್ಟಿಗಳಿಗೆ ಓಡುತ್ತಿತ್ತು. ಒಂದು ದಿನ ಹಳ್ಳ ಅದನ್ನು ತಡೆದು, ಪೂರ್ತಿ ಕೇಳಿಕೊಂಡು ಹೋಗಬಾರದೇನು, ಬಟ್ಟೆ ಇಳಿಸೋದು ಇನ್ನೂ ಬಾಕಿ ಇದೆ ಅಂತ ಬೈಯಿತು.

“ಹಲ್ಲಿನ ಕತೆ ತಂದೆ ಅಂದರೆ ಎಲ್ಲರೂ ಬಾಗಿಲು ತೆಗೀತಾರೆ,” ಅಂತು ಗಾಳಿ. “ಬಟ್ಟೆ ಇಳಿಸಿದ ಕತೆಗೆ ಯಾರು ತೆಗೀತಾರೆ?”

ಹೀಗೆ ಕತೆ ಊರೂರು ಹೋಯಿತು, ತೋಳ ಹಟ್ಟಿಯಲ್ಲೇ ಉಳಿದ.

ಆ ಹೊತ್ತಿಗೆ ಕೊಂತಿಯ ಅವ್ವನಿಗೆ ದಿನ ತುಂಬುತ್ತಿತ್ತು. ಹೆರಿಗೆಗೆ ತವರಿಗೆ ಹೋಗಬೇಕು, ತವರು ಹಳ್ಳದಾಚೆ. ಕೊಂತಿಯೂ ಹೊರಟಳು. ತೋಳ ಹಳ್ಳದ ತನಕ ಬಂದ. ಅವಳು ಅವನ ಕುತ್ತಿಗೆ ತಬ್ಬಿ ಹೇಳಿದಳು.

“ನಾನು ಬರೋ ತನಕ ನನ್ನ ಜಾಗ ಯಾರಿಗೂ ಕೊಡಬೇಡ.”

ಅವಳು ಕಣ್ಣಿಗೆ ಕಾಣುವ ತನಕ ಅವನು ದಡದಲ್ಲೇ ನಿಂತಿದ್ದ. ಅವತ್ತಿನಿಂದ ಮಲಗುವಾಗ ಹೊಟ್ಟೆಯ ಪಕ್ಕ ಒಂದಿಷ್ಟು ಜಾಗ ಬಿಟ್ಟೇ ಮಲಗುತ್ತಿದ್ದ. ಅಲ್ಲಿ ಬೆಚ್ಚಗಿದೆ ಅಂತ ನಾಯಿ ನುಸುಳಲು ಬಂದರೆ ಮೆಲ್ಲಗೆ ಮೂತಿಯಿಂದ ಆಚೆ ದೂಡುತ್ತಿದ್ದ. ಎಷ್ಟು ನೆನಪಾಗುತ್ತಿತ್ತೋ ಅವನಿಗೆ, ಪಾಪ.

ಇತ್ತ ಗಾಳಿಯ ಮಾತು ಕೇಳಿ ದೂರದೂರದ ಹಟ್ಟಿಗಳಿಂದ ಜನ ಬರಲು ಶುರುಮಾಡಿದರು. ಬೆಣ್ಣೆ ತಂದರು, ಮೊಸರು ತಂದರು, ಅಮೋಗಿಯನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದರು. ಒಂದು ಸಂಜೆ ಕತೆ ಮುಗಿಯಿತು. ಅಮೋಗಿ ಗಂಟಿಗೆ ಕೈ ಹಾಕಿದ. ಮುಂದೆ ಕೂತಿದ್ದ ಹಿರಿಯನೊಬ್ಬ, ಇಳಿಸಬೇಡಪ್ಪಾ, ಇಳಿಸಿದರೆ ಮಜಾನೇ ಹೋಗಿಬಿಡ್ತದೆ, ಅಂದ. ಎಲ್ಲರೂ ಹೌದು ಹೌದು ಅಂದರು. ಅಮೋಗಿಯ ಕೈ ಗಂಟಿನ ಮೇಲೇ ನಿಂತಿತು.

ಜನ ಹೆದರಿಕೊಂಡೇ ಎದ್ದು ಹೋದರು. ಹೋಗುತ್ತಾ ಒಬ್ಬರಿಗಿಂತ ಒಬ್ಬರು ಹೆಚ್ಚು ಸೇರಿಸಿ ಹೇಳಿಕೊಂಡರು. ಬಟ್ಟೆಯ ಹಿಂದೆ ತೋಳ ತಲೆ ತಗ್ಗಿಸಿ ಕಾಯುತ್ತಾ ಕೂತಿದ್ದ, ಕೈ ಇಡಲು ಅನುಕೂಲವಾಗಲಿ ಅಂತ. ಅಮೋಗಿ ಒಂದು ಉಂಡೆ ಬೆಣ್ಣೆ ತಂದು ಮುಂದಿಟ್ಟು, ನಾಳೆ ಇಳಿಸ್ತೀನಿ ಕಣೋ ಅಂದ. ಮಾರನೇ ದಿನವೂ ನಾಳೆ ಅಂದ. ತೋಳ ಬೆಣ್ಣೆ ಮುಟ್ಟಲಿಲ್ಲ, ಆದರೆ ಮಾತು ನಂಬಿದ. ನಂಬದೇ ಇರೋದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಹಳ್ಳದಾಚೆಯ ಹಟ್ಟಿಯಲ್ಲೂ ಬಟ್ಟೆ ಕಟ್ಟಿದ್ದರು. ಅಲ್ಲಿ ತೋಳನೇ ಇಲ್ಲ, ಒಣ ತೊಗಲಿನಲ್ಲಿ ಕತ್ತರಿಸಿದ ಒಂದು ತೋಳದ ಬೊಂಬೆ. ಹಲ್ಲು ಇನ್ನೂ ಉದ್ದ. ಮೊದಲ ಸಂಜೆ ಕೊಂತಿ ಎದ್ದು ನಿಂತು, ತೋಳ ಹಾಗಿಲ್ಲ, ನಾನು ಅವನ ಹತ್ತಿರವೇ ಮಲಗ್ತೀನಿ ಅಂದಳು. ಎಲ್ಲರೂ ನಕ್ಕರು. ಆಮೇಲೆ ದಿನಾ ಸಂಜೆ ಅದೇ ಕತೆ, ಅದೇ ಹಲ್ಲು. ಕೂಸು ತಾನೇ ಅದು. ತೋಳನ ಹೊಟ್ಟೆಯ ಬಿಸುಪು ಸ್ವಲ್ಪ ಸ್ವಲ್ಪವೇ ಮರೆತುಹೋಯಿತು, ಹಲ್ಲು ನೆನಪಿನಲ್ಲಿ ಉಳಿಯಿತು.

ಕೊಂತಿಗೆ ತಮ್ಮ ಹುಟ್ಟಿ, ಅವನ ಕತ್ತು ನಿಂತ ಮೇಲೆ, ಅವ್ವ ಮಗಳು ವಾಪಸು ಹೊರಟರು. ಹೊತ್ತು ಮುಳುಗುವಾಗ ಹಟ್ಟಿ ಸೇರಿದರು. ಅಮೋಗಿ ಬಟ್ಟೆ ಕಟ್ಟಿಯಾಗಿತ್ತು, ಎಲ್ಲಾ ಹಟ್ಟಿಯ ಜನ ನೆರೆದಿದ್ದರು. ತೋಳ ಬೆಂಕಿಯ ಪಕ್ಕ ಕೂತಿದ್ದ. ಅವನಿಗೆ ಕೊಂತಿಯ ವಾಸನೆ ಬಂತು.

ಅವನು ಕತೆ ಮರೆತ, ಬಟ್ಟೆ ಮರೆತ. ಬಟ್ಟೆಯ ಅಂಚಿನಿಂದ ಹಾರಿ ಬಂದು, ಖುಷಿಗೆ ಬಾಯಿ ಅಗಲಿಸಿಕೊಂಡು ಅವಳ ಕಡೆ ಓಡಿದ. ಅವನ ಹಿಂದೆ ಬೆಂಕಿ ಉರಿಯುತ್ತಿತ್ತು. ಕೊಂತಿಗೆ ಕಂಡದ್ದು ಹಲ್ಲು ಮಾತ್ರ. ಕಿಟಾರನೆ ಚೀರಿ ಅವ್ವನ ಹಿಂದೆ ಅಡಗಿದಳು.

ತೋಳ ನಿಂತುಬಿಟ್ಟ. ಎತ್ತಿದ ಮುಂಗಾಲು ಎತ್ತಿದ ಹಾಗೇ ಇತ್ತು.

ಜನ ಎದ್ದರು, ಕಲ್ಲು ಎತ್ತಿಕೊಂಡರು. ತೋಳ ತಿರುಗಿ ಅಮೋಗಿಯನ್ನು ನೋಡಿದ. ಒಂದೇ ಮಾತು ಸಾಕಿತ್ತು, ಮಾಳಿ. ಇವನು ನಮ್ಮವನು, ಅಷ್ಟೇ. ಅಮೋಗಿಯ ಬಾಯಿ ತೆರೆಯಿತು. ಆದರೆ ಎದುರಿಗೆ ಅಷ್ಟೂ ಜನ ಅವನನ್ನೇ ನೋಡುತ್ತಿದ್ದರು. ಇಷ್ಟು ದಿನ ಹೇಳಿದ್ದು ಬರೀ ನೆರಳು ಅಂತ ಒಪ್ಪಿಕೊಂಡರೆ ನಾಳೆ ಯಾರು ಬರುತ್ತಾರೆ? ಅವನು ಮುಖ ಆಚೆ ತಿರುಗಿಸಿದ. ಮೊದಲ ಕಲ್ಲು ತೋಳನ ಪಕ್ಕೆಗೆ ಬಿತ್ತು.

ಅವನು ಓಡಲಿಲ್ಲ. ನಡೆದುಕೊಂಡು ಹೋದ. ಜಾಲಿಗಿಡದ ಹತ್ತಿರ ನಿಂತು ತಿರುಗಿ ನೋಡಿದ. ಬಂಡೆಯ ಹತ್ತಿರ ನಿಂತು ತಿರುಗಿ ನೋಡಿದ. ದಿಬ್ಬದ ನೆತ್ತಿಯ ಮೇಲೆ ಇನ್ನೊಮ್ಮೆ ನೋಡಿದ. ಬಟ್ಟೆ ಹಾಗೇ ಇತ್ತು.

ಜನ ಚದುರಿದ ಮೇಲೆ ಕೊಂತಿ ಬಿಕ್ಕುತ್ತಾ ಬೆಂಕಿಯ ಹತ್ತಿರ ಬಂದಳು, ಬಟ್ಟೆಯ ಹಿಂದೆ. ಅಲ್ಲಿ ಮಣ್ಣಿನಲ್ಲಿ ತೋಳ ದಿನಾ ಮಲಗಿ ಮಲಗಿ ಒಂದು ತಗ್ಗು ಬಿದ್ದಿತ್ತು, ಸೀದ ಕೂದಲು ಉದುರಿತ್ತು. ತಗ್ಗಿನ ಪಕ್ಕದಲ್ಲಿ ಒಂದಿಷ್ಟು ಜಾಗದಲ್ಲಿ ಮಾತ್ರ ಯಾರೂ ತುಳಿಯದೆ ಹುಲ್ಲು ಹಸಿರಾಗಿ ಉಳಿದಿತ್ತು. ಅವಳ ಅಳತೆಯ ಜಾಗ. ಅವಳು ಅದರಲ್ಲಿ ಮಲಗಿ ನೋಡಿದಳು. ಮೂಗಿಗೆ ಅವನ ವಾಸನೆ ಬಂತು, ತನ್ನ ನಿದ್ದೆಯ ವಾಸನೆ. ಆಗ ಎಲ್ಲಾ ನೆನಪಾಯಿತು.

“ಯಪ್ಪಾ,” ಅಂದಳು, “ಬಟ್ಟೆ ಇಳಿಸು.”

ಅಮೋಗಿ ಗಂಟು ಬಿಚ್ಚಿದ. ಬಟ್ಟೆ ಕೆಳಗೆ ಬಿತ್ತು. ತಲೆ ಮೇಲೆ ಕೈಯಿಡಲು ಹಿಂದೆ ಯಾರೂ ಇರಲಿಲ್ಲ. ಅವನು ಅಲ್ಲೇ ಕುಸಿದು ಕೂತು ಗಂಡಸಾದರೂ ಗೊಳೋ ಅಂತ ಅತ್ತ.

ಕೊಂತಿ ದಿಬ್ಬದ ಕಡೆ ಓಡಿ ಓಡಿ ಕರೆದಳು. ಅವನಿಗೆ ಕೇಳಿಸಿತು. ಬರಬೇಕು ಅನಿಸಿತು, ಕಾಲು ಒಂದು ಹೆಜ್ಜೆ ಮುಂದೆ ಬಂತು. ಆದರೆ ಪಕ್ಕೆ ನೋಯುತ್ತಿತ್ತು, ಕಲ್ಲು ಹಿಡಿದ ಜನ ಇನ್ನೂ ದಾರಿಯಲ್ಲೇ ಇದ್ದರು. ಅವನು ಮುಖ ಮೇಲೆತ್ತಿ ಒಂದೇ ಉಸಿರಿನಲ್ಲಿ ಉದ್ದಕ್ಕೆ ಕೂಗಿದ. ಹಟ್ಟಿಯಲ್ಲಿ ಅವನ ತಮ್ಮ, ಆ ನಾಯಿ, ತಾನೂ ಮುಖ ಎತ್ತಿ ಕೂಗಿ, ಆಮೇಲೆ ಬಾಲ ಮುದುರಿಕೊಂಡು ಮಲಗಿದ.

ಆಮೇಲೆ ಅಮೋಗಿ ಬದುಕಿರುವ ತನಕ ಕತೆಯ ಕೊನೆಗೆ ಬಟ್ಟೆ ಇಳಿಸಿದ. ಕಂಡವರಿಗೆಲ್ಲಾ ನಿಜ ಹೇಳಿದ. ಏನು ಬಂತು? ಗಾಳಿ ಆಗಲೇ ಎಲ್ಲಾ ಗುಡ್ಡ ದಾಟಿ ಹೋಗಿತ್ತು. ಹಿಂದಕ್ಕೆ ಕರೆದರೆ ಬರುವ ಪೈಕಿಯಲ್ಲ ಅದು. ಕೊಂತಿ ಮುದುಕಿಯಾಗುವ ತನಕ ಆ ಹುಲ್ಲಿನ ತುಂಡಿನ ಮೇಲೆ ಯಾರನ್ನೂ ಕಾಲಿಡಲು ಬಿಡಲಿಲ್ಲ.

ನಿಮ್ಮ ಸಿನಿಮಾದ ಪರದೆಯೂ ಅದೇ ಬಟ್ಟೆ, ಮಾಳಿ. ಮುಗಿದ ಮೇಲೆ ಸುತ್ತಿ ಗಾಡಿಗೆ ಹಾಕಿಕೊಂಡು ಹೋದರಲ್ಲ, ಹಿಂದೆ ಯಾರಿದ್ದಾರೆ ಅಂತ ಒಬ್ಬರಾದರೂ ತೋರಿಸಿದರಾ?

ಈಗ ಎದ್ದು ನಿಂತು ನೋಡು. ಅವನ ಬೆನ್ನಿನ ಕೂದಲ ತುದಿ ಕಪ್ಪಗಿದೆ, ಅಮೋಗಿಯ ಬೆಂಕಿಗೆ ಸೀದದ್ದು ಅದು. ಹೊತ್ತು ಮುಳುಗಿತು ಅಂತ ಹೊರಟ. ನೋಡು, ಜಾಲಿಗಿಡದ ಹತ್ತಿರ ನಿಂತ, ಕಾಲು ಎತ್ತಿದ, ತಿರುಗಿ ನೋಡಿದ. ಎಲ್ಲರೂ ನಮ್ಮ ಕುರಿ ನೋಡ್ತಾನೆ ಅಂತಾರೆ. ಅಲ್ಲ ಮಗಳೇ, ಬಟ್ಟೆ ಇಳಿಸಿದರಾ ಅಂತ ನೋಡ್ತಾನೆ.