ಮುಂದಿನ ಎಡಚಕ್ರದ ಮೂರು ಒಗಟು

"ಕೇಳ್ರಪ್ಪೋ ಕೇಳಿ! ತೀರಿಹೋದ ದೊರೆಗಳ ಹಳೇ ಕಾರು ಮುಂದಿನ ಎಡಚಕ್ರ ಕೆಟ್ಟು ನಿಂತಿದೆ. ದೊರೆಸಾನಿಯವರ ಮೂರು ಒಗಟು ಬಿಡಿಸಿ, ಉತ್ತರವನ್ನು ಚಕ್ರಕ್ಕೇ ಕೂರಿಸಿ, ಆಯುಧಪೂಜೆಗೆ ಕಾರು ಹೊರಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರಿಗೆ ಹಬ್ಬದ ಸಂಜೆ ತಲೆದಂಡ!"

ಹೀಗಂತ ಕಣಿವೆದುರ್ಗದ ಸಂದಿಗೊಂದಿಯಲ್ಲೆಲ್ಲ ಡಂಗುರವಾಯಿತು. ಅರ್ಧ ರಾಜ್ಯ ಅಂದರೆ ಯಾರ ಬಾಯಲ್ಲಿ ನೀರೂರುವುದಿಲ್ಲ ಹೇಳಿ. ಪಾಳೆಯಗಾರನ ಮಗ ಬಂದ, ಕಂಚುಗಾರರ ಯಜಮಾನ ಬಂದ, ಮೊದಲನೇ ಒಗಟಿಗೇ ಒಬ್ಬ ನಕ್ಷತ್ರ ಅಂದ, ಇನ್ನೊಬ್ಬ ಜಪಮಣಿ ಅಂದ, ಇಬ್ಬರೂ ಸೆರೆಮನೆ ಸೇರಿದರು. ಅವರ ಹಿಂದೆ ಹೋದವನು ಸಾಣೆ ಹಿಡಿಯುವ ಓಬಯ್ಯನ ಅಣ್ಣ ಬೊಮ್ಮಣ್ಣ. ತಬ್ಬಲಿ ತಮ್ಮನನ್ನು ಹೆಗಲ ಮೇಲೆ ಹೊತ್ತು ಸಾಕಿದ ಜೀವ. ಅವನೂ ಒಳಗಾದ.

ಹಬ್ಬ ಹತ್ತಿರ ಬಂತು. ಅರಮನೆಯ ಆಳು ತಲೆ ತೆಗೆಯುವ ಕತ್ತಿಯನ್ನು ತಂದು ಹರಿತ ಮಾಡೆಂದು ಓಬಯ್ಯನ ಮುಂದಿಟ್ಟ. ಅದು ಅಣ್ಣನ ಕೊರಳಿಗೇ ಎಂದು ಓಬಯ್ಯನಿಗೆ ಗೊತ್ತಾಯಿತು. ಕತ್ತಿಯನ್ನು ಅಲ್ಲೇ ಬಿಟ್ಟು ಅರಮನೆಗೆ ಓಡಿದ.

ದೊರೆಸಾನಿ ಪದ್ಮಾಂಬಿಕೆ ಒಂದು ಕಡೆ ಕೂರುವವಳಲ್ಲ. ಕಾರಿನ ಸುತ್ತ ತಿರುಗುತ್ತಲೇ ಕೇಳಿದಳು. "ಬಳೆಯಂಥ ಮನೆಯಲ್ಲಿ ದುಂಡನೆಯ ಅಣ್ಣತಮ್ಮಂದಿರು. ಒಬ್ಬ ಸತ್ತ. ಅವನ ಜಾಗಕ್ಕೆ ಗಟ್ಟಿಮುಟ್ಟಾದ ಹೊಸಬ ಬಂದ, ಮನೆಯೇ ಸುಟ್ಟಿತು. ಹಾಗಾದರೆ ಯಾರನ್ನು ತರಬೇಕು?"

ಓಬಯ್ಯ ಸೆರೆಮನೆಯ ಕಿಂಡಿಗೆ ಹೋಗಿ ಅಣ್ಣನನ್ನೇ ವಿಚಾರಿಸಿದ. ಒಗಟಿನ ಅಣ್ಣತಮ್ಮಂದಿರೆಂದರೆ ಚಕ್ರದ ಬೇರಿಂಗಿನ ಗುಂಡುಗಳೆಂದು ಬೊಮ್ಮಣ್ಣನಿಗೆ ಹೊಳೆದಿತ್ತು. ಒಡೆದದ್ದೊಂದನ್ನು ತೆಗೆದು ಹೊಚ್ಚಹೊಸದೊಂದನ್ನು ಹಾಕಿದ್ದ, ನಾಲ್ಕು ಸುತ್ತಿಗೇ ಹೊಗೆ ಎದ್ದಿತ್ತು. "ನಿನಗೆ ಈ ಉಸಾಬರಿ ಬೇಡ ಕಣೋ, ಮನೆಗೆ ಹೋಗು," ಅಂದ.

ಮನೆಗೆಲ್ಲಿ ಹೋಗುತ್ತಾನೆ? ದಾರಿಯುದ್ದಕ್ಕೂ ಅದೇ ಯೋಚನೆ. ಸವೆದವರ ನಡುವೆ ಸವೆಯದವನೇ ದಪ್ಪ, ಭಾರವೆಲ್ಲ ಅವನೊಬ್ಬನ ಮೇಲೆ. ಒಬ್ಬನನ್ನು ತಂದರೆ ಆಗದು, ಸಂಸಾರವನ್ನೇ ತರಬೇಕು! ಗುಜರಿ ಪ್ಯಾರುಸಾಬಿಯ ಹಿತ್ತಲಲ್ಲಿ ಅದೇ ಕಾಲದ ಇನ್ನೊಂದು ಕಾರು ಕೋಳಿಗೂಡಾಗಿ ಬಿದ್ದಿತ್ತು. ಕೋಳಿಗಳ ಕೈಲಿ ಬೈಸಿಕೊಳ್ಳುತ್ತ ಅದರ ಚಕ್ರ ಬಿಚ್ಚಿ, ಸಮನಾಗಿ ಸವೆದ ಗುಂಡುಗಳನ್ನು ಬಳೆಯ ಸಮೇತ ತಂದ. ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ತುಂಬಿ ಕೂರಿಸಿದ.

"ಈಗ ಬಾಗಿಲು ಹಾಕು," ಎಂದು ದೊರೆಸಾನಿ ಎರಡನೇ ಒಗಟು ಹೇಳಿದಳು. "ಬಿಗಿಯಾದರೆ ಒಳಗಿನವರು ಬೆಂದು ಸಾಯುತ್ತಾರೆ, ಸಡಿಲವಾದರೆ ಬಡಿದಾಡಿ ಸಾಯುತ್ತಾರೆ. ಹೇಗೆ ಹಾಕುತ್ತೀ?"

ಬಾಗಿಲೆಂದರೆ ಅಚ್ಚಿನ ತುದಿಯ ನಟ್ಟು. ಹೆದರಿದ ಕೈ ಬಿಗಿದೇ ಬಿಗಿಯಿತು, ಚಕ್ರ ಅಲುಗಲಿಲ್ಲ. ಬಿಟ್ಟರೆ ಲೊಡಲೊಡ ಅಂದಿತು. ಹೊರಗೆ ಹಬ್ಬದ ವಾದ್ಯ ಶುರುವಾಗಿತ್ತು, ಬೆವರು ಕಣ್ಣಿಗಿಳಿಯಿತು. ಕೊನೆಗೆ ಚಕ್ರ ತಿರುಗಿಸುತ್ತಲೇ ಪೂರ್ತಿ ಬಿಗಿದು, ಆಮೇಲೆ ಒಂದು ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟ. ಚಕ್ರ ಸದ್ದಿಲ್ಲದೆ ತಿರುಗಿತು. ಮೊದಲು ಬಿಗಿ, ಆಮೇಲೆ ಬಿಡುವು, ಅದೇ ಉತ್ತರವಾಯಿತು.

ಮೂರನೆಯದನ್ನು ದೊರೆಸಾನಿ ಚಕ್ರದ ಕಡೆ ನೋಡದೆ ಕೇಳಿದಳು. "ಎಲ್ಲರಿಗಿಂತ ಸಣ್ಣವನು. ಎಲ್ಲರೂ ದುಡಿಯುವಾಗ ಅಲ್ಲಾಡದೆ ಬಿದ್ದಿರುತ್ತಾನೆ. ಅವನಿಲ್ಲದ ದಿನ ದೊರೆ ಮನೆಗೆ ಬರಲಿಲ್ಲ."

ಓಬಯ್ಯ ನೋಡಿದ. ಅಚ್ಚಿನ ತುದಿಯಲ್ಲಿ ಸಣ್ಣ ತೂತು, ಖಾಲಿ. ಎತ್ತಿನ ಗಾಡಿಗೆ ಚಕ್ರ ಜಾರದಂತೆ ತಡೆಯುವ ಕಡಾಣಿ ಇಲ್ಲದೆ ಯಾರಾದರೂ ಹೊರಡುತ್ತಾರೆಯೇ? ಆ ಸಣ್ಣವನೆಂದರೆ ನಟ್ಟು ಕಳಚದಂತೆ ಕಾಯುವ ಪಿನ್ನು. ಗಟ್ಟಿ ತಂತಿಯನ್ನು ಎರಡು ಮಡಿಕೆ ಮಾಡಿ ತೂರಿಸಿ, ಎರಡು ಕಾಲನ್ನೂ ಅಗಲಿಸಿ ಬಗ್ಗಿಸಿದ.

ದೊರೆಸಾನಿ ಮೊದಲ ಸಲ ನಿಂತಳು. "ಅವತ್ತು ಮೇಸ್ತ್ರಿ ಆ ಪಿನ್ನು ಹುಡುಕುತ್ತಿದ್ದ. ಹೊತ್ತಾಯಿತು, ಹೊರಡಿ ಹೊರಡಿ ಅಂತ ದೊರೆಗಳನ್ನು ಅವಸರ ಮಾಡಿದವಳು ನಾನೇ," ಅಂದಳು.

ಓಬಯ್ಯ ಪಿನ್ನಿನ ಕಾಲುಗಳನ್ನು ಇನ್ನೊಮ್ಮೆ ಒತ್ತಿ ನೋಡಿದ. ಅರ್ಧ ರಾಜ್ಯ ತಗೋ ಅಂದಾಗ ಕೈ ಮುಗಿದ. "ಅದನ್ನು ಕಟ್ಟಿಕೊಂಡು ಏನು ಮಾಡಲಿ ತಾಯಿ? ಅಣ್ಣನ್ನ ಕೊಡಿ. ಉಳಿದಿಬ್ಬರಿಗೂ ಮನೇಲಿ ಯಾರೋ ಕಾಯ್ತಿರ್ತಾರೆ."

ಮೂವರೂ ಹೊರಗೆ ಬಂದರು. ಒಲ್ಲೆ ಅಂದರೂ ಬಿಡದೆ ದೊರೆಸಾನಿ ಓಬಯ್ಯನಿಗೆ ಕೆರೆ ಕೆಳಗಿನ ಗದ್ದೆಯನ್ನು ಉಂಬಳಿ ಕೊಟ್ಟಳು. ಸಂಜೆ ಕಾರಿಗೆ ಪೂಜೆಯಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟರು. ಹಿಂದಿನ ಸೀಟಿನಲ್ಲಿ ಬೊಮ್ಮಣ್ಣ ತಮ್ಮನ ಕೈ ಬಿಗಿಯಾಗಿ ಹಿಡಿದು ಕೂತಿದ್ದ. ಹೊತ್ತು ಮುಳುಗುತ್ತಿದೆ, ಬೇಗ ಹೊರಡೋಣವೇ ಎಂದು ಸಾರಥಿ ಕೇಳಿದ.

"ನಿಧಾನ ನಡೆಸಪ್ಪ," ಅಂದಳು ದೊರೆಸಾನಿ. "ನಮಗೇನೂ ಅವಸರವಿಲ್ಲ."